ಸಾಂಬ್ರಾಣಿಯ ತಲೆಗೆ ಕಟ್ಟಿದ ಕೆಮ್ಮು

ಗಾಳಿಯನ್ನು ಅಳೆದು ವರದಿ ಕೊಡುವ ಕಚೇರಿಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮನೆಯೊಳಗಿನ ಗಾಳಿ ಕೆಟ್ಟಿದೆ, ಅದನ್ನು ಕೆಡಿಸಿದವರು ನಮ್ಮತ್ತೆ ಚಿಕ್ಕಗೌರಮ್ಮನವರು ಎಂದು ತಮ್ಮ ಕಚೇರಿ ಮೊಹರು ಒತ್ತಿ ತಿಳಿಸಿದೆ. ಹೆಸರು ಹಾಕಿಲ್ಲ, ಒಪ್ಪುತ್ತೇನೆ. ‘ನಿವಾಸಿಗಳ ಧೂಪದ ಅಭ್ಯಾಸ’ ಎಂದಷ್ಟೇ ಬರೆದಿದ್ದೀರಿ. ಆದರೆ ನಮ್ಮ ಮನೆಯಲ್ಲಿ ಧೂಪ ಹಾಕುವ ಕೈ ಒಂದೇ, ಅದು ಯಾರದೆಂದು ಇಡೀ ಊರಿಗೆ ಗೊತ್ತು. ವರದಿ ಬಂದ ದಿನದಿಂದ ನಮ್ಮತ್ತೆ ಮರಿಮಗಳು ಮಲಗುವ ಕೋಣೆಗೆ ಕಾಲಿಟ್ಟಿಲ್ಲ. ಜಗುಲಿಯಲ್ಲೇ ಕೂರುತ್ತಾರೆ, ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಆ ವರದಿ ತಪ್ಪು. ಅದನ್ನು ತಿದ್ದಿ ಎಂದು ಕೇಳಲು ತಮ್ಮ ಕಚೇರಿಯ ಬಾಗಿಲಿಗೂ ಬಂದಿದ್ದೆ. ಆಗಲಿಲ್ಲ. ಅದಕ್ಕೇ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನನ್ನ ಭಾಷೆ ಅಲ್ಲಲ್ಲಿ ಖಾರವಾದರೆ ಸಹಿಸಿಕೊಳ್ಳಿ. ನಾವು ಹೊಗೆಯನ್ನೇ ಸಹಿಸಿಕೊಂಡಿದ್ದೇವೆ.

ನಮ್ಮೂರು ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ತೋಟದ ಮಧ್ಯೆ ಮನೆ, ಕೊಟ್ಟಿಗೆಯಲ್ಲಿ ಹಸುಗಳು, ಅಟ್ಟದ ತುಂಬ ಕಾಯಿ. ಕಾಯಿ ವರ್ಷದ ಹತ್ತಿರ ಅಟ್ಟದಲ್ಲೇ ಕೂತು ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗಬೇಕು. ಅಲ್ಲಿಯವರೆಗೆ ನಾವು ಕೆಳಗೆ, ಅದು ಮೇಲೆ. ತಮ್ಮ ವರದಿಯಲ್ಲಿ ಇದನ್ನು ‘ಮೇಲ್ಛಾವಣಿಯಡಿ ಸಾವಯವ ವಸ್ತುವಿನ ದೀರ್ಘಕಾಲೀನ ದಾಸ್ತಾನು’ ಎಂದು ಕರೆದು, ತೆರವುಗೊಳಿಸಲು ಸಲಹೆ ನೀಡಿದ್ದೀರಿ. ಬಹಳ ಗಂಭೀರವಾದ ಮಾತು. ನನ್ನ ಗಂಡ ದಯಾನಂದ್ ಅದನ್ನು ಮತ್ತೆ ಮತ್ತೆ ಓದಿ, ಕೊನೆಗೆ ಅಟ್ಟದ ಕಡೆ ಕತ್ತೆತ್ತಿ ನೋಡಿ, ‘ಇದು ನಮ್ ಕೊಬ್ರೀನೇ ಏನೇ?’ ಎಂದು ನನ್ನನ್ನು ಕೇಳಿದರು. ಈ ಸೀಮೆಯಲ್ಲಿ ಅಟ್ಟದಲ್ಲಿ ಕಾಯಿಯಿಲ್ಲದ ಮನೆಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿದ್ದ ಕಾಲವಿತ್ತು. ಈಗ ಅದೇ ಅಟ್ಟ ಒಂದು ಅಪರಾಧದ ಸಾಕ್ಷಿಯಾಗಿದೆ.

ತೋಟದ ಬೇಲಿಯಾಚೆ ಗಂಗರಾಜು ಎಂಬುವವರ ಚಿಪ್ಪು ಸುಡುವ ಘಟಕವಿದೆ. ಸುತ್ತಲಿನ ಊರುಗಳಲ್ಲಿ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಗುಂಡಿಗೆ ತುಂಬಿ ಬೆಂಕಿ ಕೊಟ್ಟು ಮೇಲೆ ತಗಡು ಮುಚ್ಚುತ್ತಾರೆ. ಉರಿಯುವುದಿಲ್ಲ, ಬೆಂದು ಇದ್ದಿಲಾಗುತ್ತದೆ. ಅದರ ಹೊಗೆ ಮೇಲಕ್ಕೆ ಹೋಗುವುದನ್ನು ನಾನು ನೋಡಿಯೇ ಇಲ್ಲ, ಅದು ನೆಲ ಹಿಡಿದು ನಡೆದು ಬರುತ್ತದೆ. ಒಣಗಿಸಿದ ಬಟ್ಟೆಗೆ, ಹಸುವಿನ ಮೈಗೆ, ನಾವು ಉಣ್ಣುವ ಮುದ್ದೆಗೆ ಅದೇ ವಾಸನೆ. ನಮ್ಮ ಮನೆಯ ಚಿಪ್ಪೂ ಅಲ್ಲಿಗೇ ಹೋಗುತ್ತದೆ, ಮುಚ್ಚಿಡುವುದೇನಿದೆ? ಬೇರೆಲ್ಲಿ ಹಾಕೋಣ? ನಾವೇ ಬೆಳೆದು, ನಾವೇ ಸುಲಿದು, ನಾವೇ ಗಾಡಿಗೆ ತುಂಬಿ ಕಳಿಸಿದ್ದು ಹೊಗೆಯಾಗಿ ಸಂಜೆಗೆ ಮನೆಗೆ ವಾಪಸು ಬರುತ್ತದೆ. ಗಂಗರಾಜು ಕೆಟ್ಟ ಮನುಷ್ಯರೂ ಅಲ್ಲ. ನಮ್ಮ ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ಬಂದು ಬೆಳ್ಳಿ ಕಾಲುಗೆಜ್ಜೆ ಕೊಟ್ಟು ಹೋದವರು. ಗೆಜ್ಜೆ ಕೊಟ್ಟವರ ಮೇಲೆ ದೂರು ಕೊಡುವುದು ಹೇಗೆಂದು ತಮಗೆ ತರಬೇತಿಯಲ್ಲಿ ಹೇಳಿಕೊಟ್ಟಿರಬಹುದು, ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಗೆಂದು ಸುಮ್ಮನಿರಲೂ ಆಗಲಿಲ್ಲ. ಮಗಳು ಯೋಗಿತಾ ಬಾಣಂತನಕ್ಕೆ ಮಾಯಸಂದ್ರದಿಂದ ಬಂದಿದ್ದಾಳೆ. ಕೂಸಿಗೆ ಎದೆ ಗೊರಗೊರ ಎನ್ನಲು ಶುರುವಾಯಿತು. ಹಾಲು ಕುಡಿಯುತ್ತಾ ಕುಡಿಯುತ್ತಾ ಬಿಟ್ಟುಬಿಡುವುದು, ಉಸಿರಿಗಾಗಿ ತಡಕಾಡುವುದು. ತಿಪಟೂರಿನ ಮಕ್ಕಳ ಡಾಕ್ಟರ ಬಳಿ ಕರೆದೊಯ್ದೆವು. ಅವರು ಎದೆಗೆ ಕೊಳವೆಯಿಟ್ಟು ಕೇಳಿ, ‘ಮನೆಯೊಳಗಿನ ಗಾಳಿ ಒಂದ್ಸಲ ಟೆಸ್ಟ್ ಮಾಡಿಸಿ. ಅಲ್ಲೀವರೆಗೂ ಮಗು ಇರೋ ಮನೇಲಿ ಯಾವ ಹೊಗೇನೂ ಬೇಡ, ಸಾಂಬ್ರಾಣಿನೂ ಬೇಡ’ ಎಂದರು. ನಮ್ಮ ಕಡೆ ಎಳೆಗೂಸಿಗೆ ತಲೆಗೆ ನೀರೆರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಕೂದಲಿಗೆ ಹೊಗೆ ಹಿಡಿಯುವುದು ವಾಡಿಕೆ. ಊರಿನ ಅರ್ಧ ಮಕ್ಕಳಿಗೆ ಎರೆದ ಕೈ ನಮ್ಮತ್ತೆಯದು. ಇದನ್ನು ಅವರಿಗೆ ಹೇಗೆ ಹೇಳುವುದೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದೆ. ಅವರು ಒಂದೇ ಮಾತಿಗೆ ಒಪ್ಪಿದರು.

‘ಡಾಕ್ಟ್ರವ್ವ ಬ್ಯಾಡ ಅಂದ್ಮೇಲೆ ಬ್ಯಾಡ ಬುಡು. ಮಗೀಗಿಂತ ಸಾಂಬ್ರಾಣಿ ದೊಡ್ದಾ?’

ಡಬ್ಬಿಯನ್ನು ತಾವೇ ಎತ್ತಿ ಅಟ್ಟದ ಅಂಚಿಗಿಟ್ಟರು. ಮಾನ್ಯರೇ, ಈ ಮಾತನ್ನು ದಯವಿಟ್ಟು ನೆನಪಿಡಿ. ತಾವು ‘ಅಭ್ಯಾಸ’ ಎಂದು ಬರೆದದ್ದನ್ನು ಆ ಮುದುಕಿ ತಾವು ಬರುವ ಮೊದಲೇ ಬಿಟ್ಟಿದ್ದರು. ಮಗುವಿನ ಎದೆಯ ಸದ್ದು ಮಾತ್ರ ಆಮೇಲೂ ಬಿಡಲಿಲ್ಲ. ಅದಕ್ಕೇ ತಮ್ಮ ಕಚೇರಿಗೆ ಅರ್ಜಿ ಕೊಟ್ಟೆವು. ಅರ್ಜಿಯಲ್ಲಿ ಗಂಗರಾಜು ಹೆಸರು ಬರೆಯಲಿಲ್ಲ. ಮಿಷನ್ನೇ ಹೇಳಲಿ, ನಾವ್ಯಾಕೆ ಕೆಟ್ಟವರಾಗಬೇಕು ಅಂದುಕೊಂಡೆವು.

ಪರೀಕ್ಷೆಗೆ ಬರುವ ಹಿಂದಿನ ದಿನ ತಮ್ಮ ಕಚೇರಿಯಿಂದ ಫೋನ್ ಬಂತು. ತಾಯಿ ಮಗುವನ್ನು ಬೇರೆ ಮನೆಯಲ್ಲಿರಿಸಬೇಕು, ಕೋಣೆಯ ಕಿಟಕಿ ಬಾಗಿಲು ಮುಚ್ಚಿರಬೇಕು ಎಂದರು. ಬೆಳಿಗ್ಗೆಯೇ ಯೋಗಿತಾಳನ್ನೂ ಮಗುವನ್ನೂ ಊರಿನ ಆ ತುದಿಯ ಕೆಂಪಕ್ಕನ ಮನೆಗೆ ಕಳಿಸಿದೆವು. ಫೋನು ನಮಗೊಬ್ಬರಿಗೇ ಬಂದಿತ್ತೋ ಬೇರೆಯವರಿಗೂ ಬಂದಿತ್ತೋ ನನಗೆ ಗೊತ್ತಿಲ್ಲ. ಹಿಂದಿನ ಸಂಜೆಯವರೆಗೂ ಹೊಗೆಯಾಡುತ್ತಿದ್ದ ಗುಂಡಿ ಆ ದಿನ ತಣ್ಣಗಿತ್ತು. ತಗಡಿನ ಮೇಲೆ ಮರಳು, ಮರಳಿನ ಮೇಲೆ ನೀರು. ಗಂಗರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೇಲಿಯ ಹತ್ತಿರ ಕಸ ಗುಡಿಸುತ್ತಿದ್ದರು. ಅವರು ಪೊರಕೆ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರಿಗೂ ಅಂದೇ ಸ್ವಚ್ಛತೆಯ ಮನಸ್ಸು ಬಂದಿರಬೇಕು, ಪಾಪ.

ನಾನು ಡೇರಿಗೆ ಹಾಲು ಹಾಕಿ ಮನೆಗೆ ಬಂದರೆ ಹೊಸ್ತಿಲಲ್ಲೇ ಮೂಗಿಗೆ ಬಡಿಯಿತು. ನೆಲ ಸಾರಿಸಿದೆ, ರಂಗೋಲಿ ಬಿದ್ದಿದೆ, ಊದುಬತ್ತಿ ಉರಿಯುತ್ತಿದೆ, ಕೋಣೆಯ ತುಂಬ ಸಾಂಬ್ರಾಣಿಯ ಬಿಳಿ ಹೊಗೆ. ನಡುವೆ ಧೂಪಾರತಿ ಹಿಡಿದು ನಮ್ಮತ್ತೆ.

‘ಅತ್ತೆ, ಏನ್ ಮಾಡಿದ್ರಿ ಇದು!’

‘ಯಾಕವ್ವ ಹಂಗ್ ಅರಚ್ತೀಯ? ಹಸ ನೋಡೋಕೆ ಡಾಕ್ಟ್ರು ಬಂದ್ರೆ ಮೈ ತೊಳ್ದು ನಿಲ್ಲುಸ್ತೀವಿ. ಗಾಳಿ ನೋಡೋಕೆ ಬತ್ತಾವ್ರೆ ಅಂದ್ರೆ ಗಾಳಿ ಹಂಗೇ ಬುಡಾಕಾಯ್ತದಾ? ಮಗು ಮನೇಲಿಲ್ಲ, ಅದ್ಕೇ ಹಾಕ್ದೆ. ಬಂದೋರು ಏನಂದ್ಕಂತಾರೆ?’

ನಾನು ಕಿಟಕಿಗೆ ಕೈ ಹಾಕುವಷ್ಟರಲ್ಲಿ ತಮ್ಮ ಜೀಪು ಬಂದು ನಿಂತಿತು. ಬಂದವರು ತಮ್ಮ ಸಹಾಯಕರು, ಸಭ್ಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಈಗಷ್ಟೇ ಧೂಪ ಹಾಕಿಬಿಟ್ಟಿದ್ದಾರೆ, ಸ್ವಲ್ಪ ಹೊತ್ತು ಕಿಟಕಿ ತೆಗೆದಿಡುತ್ತೇನೆ ಎಂದು ಕೇಳಿಕೊಂಡೆ. ‘ಇಲ್ಲ ಮೇಡಂ, ಮುಚ್ಚಿಟ್ಟೇ ಮಾಡ್ಬೇಕು ಅಂತ ರೂಲ್ಸ್ ಇದೆ’ ಎಂದರು. ಮುಕ್ಕಾಲಿಯ ಮೇಲೆ ಮಿಷನ್ ನಿಲ್ಲಿಸಿ, ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡರು. ಮಿಷನ್ ತನ್ನ ಕೆಲಸ ಮಾಡುವವರೆಗೆ ಜಗುಲಿಗೆ ಬಂದು ಕೂತರು. ಮನೆಗೆ ಬಂದವರಿಗೆ ಕಾಫಿ ಕೊಡದೆ ಇರಲಾಗುತ್ತದೆಯೇ? ನಾನು ಕಾಫಿ ಮಾಡಿ ಜಗುಲಿಗೆ ತಂದುಕೊಟ್ಟೆ, ಮಗುವಿನ ಉಸಿರಿನ ಕಥೆ ಹೇಳುತ್ತಾ ನಿಂತೆ.

ಇಲ್ಲಿ ತಮಗೆ ನಮ್ಮ ಡೇರಿಯ ವಿಚಾರ ಹೇಳಬೇಕು. ಬೆಳಿಗ್ಗೆ ಸಂಜೆ ನಾವು ಹಾಲು ಒಯ್ದರೆ ಅಲ್ಲೊಂದು ಮಿಷನ್ನಿಗೆ ಸ್ವಲ್ಪ ಹಾಲು ಹಾಕುತ್ತಾರೆ, ಅಂಕಿ ಬರುತ್ತದೆ. ಅಂಕಿ ಏರಿದಷ್ಟೂ ಹಾಲು ಗಟ್ಟಿ. ಅಂಕಿ ಇಳಿದರೆ ನೀರು ಬೆರೆಸಿದ್ದಾರೆಂದು ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ. ನಮ್ಮತ್ತೆ ಬದುಕಿನಲ್ಲಿ ಕಂಡಿರುವ ಪರೀಕ್ಷೆಯ ಮಿಷನ್ ಅದೊಂದೇ. ಮೊನ್ನೆ ಮೊನ್ನೆಯವರೆಗೂ ಹಾಲು ಒಯ್ಯುತ್ತಿದ್ದವರು ಅವರೇ, ಒಂದು ದಿನವೂ ಅಂಕಿ ಇಳಿದ ಅವಮಾನ ಪಟ್ಟವರಲ್ಲ. ಅವರು ಅಡುಗೆಮನೆಯ ಕಡೆಯ ಬಾಗಿಲನ್ನು ಸರಿಸಿ ಇಣುಕಿದ್ದಾರೆ. ಮಿಷನ್ನಿನ ಪರದೆಯಲ್ಲಿ ಅಂಕಿ ಏರುತ್ತಿದೆ. ಬಣ್ಣ ಹಸಿರಿನಿಂದ ಹಳದಿಗೆ ತಿರುಗಿದೆ. ಸಂತೋಷವಾಗಿದೆ. ಇನ್ನೂ ಸ್ವಲ್ಪ ಏರಲಿ, ಮನೆಯ ಮಾನ ಉಳಿಯಲಿ ಎಂದು ಒಳಗೆ ಹೋಗಿ ಕೆಂಡಕ್ಕೆ ಇನ್ನೊಂದು ಹಿಡಿ ಸಾಂಬ್ರಾಣಿ ಹಾಕಿ ತಂದು ಮಿಷನ್ನಿನ ಪಕ್ಕದಲ್ಲೇ ಇಟ್ಟಿದ್ದಾರೆ.

ನಾವು ಬಾಗಿಲು ತೆರೆದಾಗ ಪರದೆ ಕೆಂಪಾಗಿತ್ತು. ಪಕ್ಕದಲ್ಲಿ ನಮ್ಮತ್ತೆ ಮುಖ ಅರಳಿಸಿಕೊಂಡು ನಿಂತಿದ್ದರು.

‘ನೋಡಪ್ಪ, ಏಟು ಏರೈತೆ! ಆಗ್ಲೇ ಕಮ್ಮಿ ಇತ್ತು ಕಣಪ್ಪ. ಕುಂಕುಮದಂಗೆ ಕೆಂಪಗಾಯ್ತು. ಪಾಸಾಯ್ತಾ?’

ನನಗೆ ನಗು ಬಂತು, ಹಿಂದೆಯೇ ಭಯವೂ ಆಯಿತು. ತಮ್ಮ ಸಹಾಯಕರು ಕಣ್ಣೊರೆಸಿಕೊಳ್ಳುತ್ತಿದ್ದರು, ಹೊಗೆಗೋ ನಗುವಿಗೋ ತಿಳಿಯಲಿಲ್ಲ. ಡೇರಿಯ ಮಿಷನ್ನಿನ ವಿಷಯವನ್ನು ಅವರಿಗೆ ಬಿಡಿಸಿ ಹೇಳಿದೆ. ಇದನ್ನು ಅಳಿಸಿ ಇನ್ನೊಮ್ಮೆ ಮಾಡಿ ಎಂದು ಕೈ ಮುಗಿದೆ. ‘ಒಂದ್ಸಲ ಬಂದ ರೀಡಿಂಗ್ ಅಳ್ಸೋಕಾಗಲ್ಲ ಮೇಡಂ. ಮಧ್ಯಾಹ್ನ ಬೋರನಕಣಿವೆ ಕಡೆ ಬೇರೆ ಕೆಲಸ ಇದೆ. ಇದನ್ನೆಲ್ಲ ರಿಮಾರ್ಕ್ಸ್‌ನಲ್ಲಿ ಬರೀತೀನಿ ಬಿಡಿ’ ಎಂದರು. ಹೋಗುವಾಗ ಬೇಲಿಯಾಚೆ ಒಮ್ಮೆ ಕಣ್ಣು ಹಾಯಿಸಿದರು. ಗಂಗರಾಜು ಅಲ್ಲಿಂದಲೇ ಕೈ ಮುಗಿದರು.

ವರದಿ ಬಂತು. ಹೊರಗಿನ ಯಾವುದೇ ಮೂಲ ಕಂಡುಬಂದಿಲ್ಲ. ಮನೆಯೊಳಗಿನ ಗಾಳಿ ಅಪಾಯಕಾರಿ, ಕಾರಣ ನಿವಾಸಿಗಳ ಧೂಪದ ಅಭ್ಯಾಸ. ಸಲಹೆ: ಮಗುವಿರುವ ಕೋಣೆಯ ಕಿಟಕಿಗಳನ್ನು ಸದಾ ತೆರೆದಿಡುವುದು. ರಿಮಾರ್ಕ್ಸ್ ಎಂಬ ಜಾಗದಲ್ಲಿ ಒಂದು ಅಡ್ಡಗೆರೆ.

ಮಾನ್ಯರೇ, ಆ ಕಿಟಕಿ ತೆರೆದರೆ ಏನು ಕಾಣುತ್ತದೆಂದು ತಮಗೆ ಗೊತ್ತೇ? ಗಂಗರಾಜು ಅವರ ಗುಂಡಿ. ತಮ್ಮ ಜೀಪು ಹಳ್ಳಿ ದಾಟಿತೋ ಇಲ್ಲವೋ, ಅಂದು ಸಂಜೆಯೇ ತಗಡಿನಡಿಯಿಂದ ಮತ್ತೆ ಹೊಗೆ ಎದ್ದಿತು. ಸರ್ಕಾರದ ಮಾತಿಗೆ ಬೆಲೆ ಕೊಟ್ಟು ಒಂದು ದಿನ ಕಿಟಕಿ ತೆರೆದೂ ನೋಡಿದೆವು. ಮಗು ಕೆಮ್ಮಿ ಕೆಮ್ಮಿ ಕುಡಿದ ಹಾಲನ್ನೆಲ್ಲ ಕಕ್ಕಿತು. ಮುಚ್ಚಿದೆವು. ಮುಚ್ಚಿದರೆ ಮೊದಲೇ ನುಗ್ಗಿ ಕೂತ ಹೊಗೆ ಹೊರಗೆ ಹೋಗುವುದಿಲ್ಲ, ಒಳಗಿನ ಸೆಕೆಗೆ ಬಾಣಂತಿಗೆ ಉಸಿರು ಕಟ್ಟುತ್ತದೆ. ಒದ್ದೆ ಬಟ್ಟೆಯನ್ನು ಸಂದಿಗೆ ತುರುಕಿದೆವು, ಬೆಳಿಗ್ಗೆಗೆ ಅದು ಮಸಿ ಅರಿವೆಯಾಗಿತ್ತು. ತೆರೆಯಬೇಕೋ ಮುಚ್ಚಬೇಕೋ ಎಂದು ಆ ಕಿಟಕಿಯ ಚಿಲಕ ಹಿಡಿದು ನಿಂತು ನಾನು ಅತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನನ್ನ ಮನೆಯ ಗೋಡೆಗಳೇ ನನ್ನನ್ನು ಹಿಡಿದು ಹಾಕಿದಂತಾಗಿದೆ.

ಈಗ ಆ ವರದಿ ನಮಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಿರುವುದು ಗಂಗರಾಜು ಅವರಿಗೆ. ಅವರ ಫೋನಿನಲ್ಲಿ ಅದರ ಚಿತ್ರವಿದೆ. ಹೊಗೆಯ ಬಗ್ಗೆ ಯಾರು ಬಾಯಿ ತೆರೆದರೂ ತೋರಿಸುತ್ತಾರೆ. ನನಗೂ ತೋರಿಸಿದರು. ‘ಅಕ್ಕ, ಬೇಜಾರ್ ಮಾಡ್ಕಬ್ಯಾಡಿ. ಕರೆಸ್ದೋರು ನೀವೇ, ಬರ್ಕೊಟ್ಟೋರು ಸರ್ಕಾರ್‌ದೋರು. ನಂದೇನೈತೆ ಇದ್ರಲ್ಲಿ?’ ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ತಮ್ಮಲ್ಲಿದೆಯೇ?

ಉತ್ತರ ಕೇಳಲೆಂದೇ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಬಹಳ ತಾಳ್ಮೆಯಿಂದ ವಿವರಿಸಿದರು. ಮೊದಲ ವರದಿ ತಪ್ಪೆಂದು ತೋರಿಸಿದರೆ ಮಾತ್ರ ಎರಡನೆಯ ಪರೀಕ್ಷೆ. ತಪ್ಪೆಂದು ತೋರಿಸಲು ಪುರಾವೆ ಬೇಕು. ಪುರಾವೆಯೆಂದರೆ ಒಪ್ಪಿಗೆ ಪಡೆದ ಮಿಷನ್ನಿನ ಅಳತೆ. ಆ ಮಿಷನ್ ಇರುವುದು ತಮ್ಮ ಕಚೇರಿಯಲ್ಲಿ. ಅದನ್ನು ಕಳಿಸಬೇಕಾದರೆ ಮೊದಲ ವರದಿ ತಪ್ಪೆಂದು ತೋರಿಸಬೇಕು. ನಾನು ಕಪ್ಪಾದ ಒದ್ದೆ ಬಟ್ಟೆಯನ್ನು ಮೇಜಿನ ಮೇಲಿಟ್ಟೆ. ‘ಇದು ನಡೆಯಲ್ಲಮ್ಮ’ ಎಂದರು. ಅವರ ಹಿಂದೆ ಗಾಜಿನ ಕೋಣೆಯಲ್ಲಿ, ತಮ್ಮ ಕುರ್ಚಿಯ ಪಕ್ಕ, ಒಂದು ಬಿಳಿಯ ಪೆಟ್ಟಿಗೆ ಸಣ್ಣಗೆ ಗುಯ್ಗುಡುತ್ತಿತ್ತು. ಅದೇನೆಂದು ಕೇಳಿದೆ. ಗಾಳಿ ಶುದ್ಧ ಮಾಡುವ ಮಿಷನ್ನಂತೆ, ಒಳಗೆ ಚಿಪ್ಪಿನ ಇದ್ದಿಲಿನ ಫಿಲ್ಟರ್ ಇರುತ್ತದಂತೆ. ನಮ್ಮ ತೋಟದ ಕಾಯಿಯ ಚಿಪ್ಪೋ ನೆರೆಯವರದೋ, ಅಂತೂ ನಮ್ಮ ಸೀಮೆಯದೇ ಯಾವುದೋ ಚಿಪ್ಪು ಅಲ್ಲಿ ಕೂತು ತಮ್ಮ ಉಸಿರನ್ನು ಸೋಸುತ್ತಿರಬಹುದು. ಒಳ್ಳೆಯದೇ ಆಯಿತು. ತಾವಾದರೂ ಆರೋಗ್ಯವಾಗಿರಿ. ಆದರೆ ಇದ್ದಿಲು ತಮಗೆ, ಹೊಗೆ ನಮಗೆ, ತಪ್ಪು ನಮ್ಮತ್ತೆಗೆ ಎಂದು ಪಾಲು ಮಾಡಿದವರು ಯಾರು?

ತಪ್ಪು ಹೊತ್ತವರ ಸ್ಥಿತಿ ಹೇಳುತ್ತೇನೆ. ವರದಿಯನ್ನು ನನ್ನ ಗಂಡ ಜೋರಾಗಿ ಓದಿದಾಗ ಅವರು ಅಲ್ಲೇ ಇದ್ದರು. ಧೂಪ ಎಂಬ ಮಾತು ಬಂದಾಗ, ‘ಇನ್ನೊಂದ್ ಕಿತ ಓದ್ಲಾ’ ಎಂದರು. ಎರಡನೆಯ ಸಲ ಕೇಳಿ ಎದ್ದು ಹೋದರು. ಅಟ್ಟದಂಚಿನ ಸಾಂಬ್ರಾಣಿ ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದರು. ದೇವರ ಮುಂದೆ ಊದುಬತ್ತಿಯನ್ನೂ ಹಚ್ಚುತ್ತಿಲ್ಲ. ಮಗುವಿಗೆ ಈಗ ನಾನೇ ಎರೆಯುತ್ತೇನೆ. ನನ್ನ ಕೈಯಲ್ಲಿ ಅದು ಕಿರುಚುತ್ತದೆ, ಅವರ ಕಾಲ ಮೇಲೆ ಮಲಗಿದರೆ ಸುಮ್ಮನಿರುತ್ತಿತ್ತು. ಕಿರುಚುವುದು ಕೇಳಿದರೂ ಅವರು ಜಗುಲಿ ಬಿಟ್ಟು ಏಳುವುದಿಲ್ಲ, ಕೂತಲ್ಲಿಂದಲೇ ‘ಕಿವಿಗೆ ನೀರ್ ಬಿಟ್ಟೀಯೆ, ಕೈ ಅಡ್ಡ ಹಿಡಿ’ ಎಂದು ಕೂಗುತ್ತಾರೆ. ಜಗುಲಿ ಇರುವುದು ಬೇಲಿಯ ಕಡೆಗೆ. ಹೊಗೆ ಮನೆಗೆ ಬರುವ ಮೊದಲು ಅವರನ್ನು ದಾಟಿಕೊಂಡೇ ಬರಬೇಕು. ಈಗ ಅವರಿಗೂ ಕೆಮ್ಮು ಹತ್ತಿದೆ.

‘ಒಳಗೆ ಬನ್ನಿ ಅತ್ತೆ, ನಿಮ್ಮ ಸಾಂಬ್ರಾಣಿಯಿಂದ ಏನೂ ಆಗಿಲ್ಲ. ಆ ದಿನ ಮಗು ಮನೇಲೇ ಇರ್ಲಿಲ್ಲ’ ಎಂದು ಹೇಳಿ ಹೇಳಿ ಸೋತೆ.

‘ನೀನು ನನ್ ಮನ ನೋಯಬಾರ್ದು ಅಂತ ಹೇಳ್ತೀಯ ಕಣವ್ವ. ಹಿಂದ್ಲ ಹೊಗೆ ಗ್ವಾಡೆಗೆ ಹಿಡ್ಕಂಡಿರ್ತದೆ. ಮಿಷನ್ ಸುಳ್ಳು ಹೇಳ್ತದಾ? ಡೇರಿ ಮಿಷನ್ ಒಂದಿನಾನಾದ್ರೂ ಸುಳ್ಳು ಹೇಳೈತಾ? ಏಟು ಮಕ್ಕಳಿಗೆ ಹೊಗೆ ಹಿಡಿದ್ನೋ ಏನೋ, ಅವ್ರೆಲ್ಲ ಏನಾಗವ್ರೋ.’

ಯೋಗಿತಾ ಮಗುವನ್ನು ಎತ್ತಿಕೊಂಡು ಜಗುಲಿಗೆ ಹೋದಳು. ‘ಎತ್ಕೊ ಅಜ್ಜಿ, ಮಗು ನಿನ್ನ ನೋಡಿ ಎಷ್ಟು ದಿನ ಆಯ್ತು’ ಎಂದಳು. ಅವರು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ‘ನನ್ ಸೀರೆ ವಾಸ್ನೆ ಬತ್ತದೆ, ಒಳಗ್ ಹೋಗು’ ಎಂದು ಮುಖ ತಿರುಗಿಸಿದರು. ಮಗಳು ಒಳಗೆ ಬಂದು ನನ್ನನ್ನು ಹಿಡಿದು ಅತ್ತಳು. ತಮ್ಮ ಕಚೇರಿಯ ಯಾವ ಮಿಷನ್ನಾದರೂ ಇದನ್ನು ಅಳೆಯುತ್ತದೆಯೇ ಎಂದು ಕೇಳುವಷ್ಟು ಸಿಟ್ಟು ನನಗಿದೆ. ಕೇಳುವುದಿಲ್ಲ. ಅಳೆಯಬಹುದಾದದ್ದನ್ನು ಸರಿಯಾಗಿ ಅಳೆದರೆ ಸಾಕು.

ಸಾಂಬ್ರಾಣಿ ಹೊಗೆ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಡಾಕ್ಟರ ಮಾತು ಡಾಕ್ಟರ ಮಾತೇ. ಆದರೆ ಈಗ ನಮ್ಮ ಮನೆಯಲ್ಲಿ ಒಂದು ಊದುಬತ್ತಿಯೂ ಉರಿಯುತ್ತಿಲ್ಲ, ಅಡುಗೆ ಗ್ಯಾಸಿನ ಮೇಲೆ, ನೀರೊಲೆಯನ್ನು ತೋಟದ ಆಚೆ ಮೂಲೆಗೆ ಸಾಗಿಸಿದ್ದೇವೆ. ಆದರೂ ಗುಂಡಿಗೆ ಬೆಂಕಿ ಬಿದ್ದ ದಿನ ಮಗುವಿನ ಎದೆ ಸದ್ದು ಮಾಡುತ್ತದೆ, ಬೀಳದ ದಿನ ಸುಮ್ಮನೆ ಮಲಗುತ್ತದೆ. ಇದನ್ನು ತಿಳಿಯಲು ಮಿಷನ್ ಬೇಕಾಗಿಲ್ಲ, ಕಿವಿ ಸಾಕು. ಬೇರೆಯವರಿಗೆ ತಿಳಿಸಲು ಮಾತ್ರ ತಮ್ಮ ಮೊಹರು ಬೇಕು.

ಬರುವ ಭಾನುವಾರ ನನ್ನ ಅಳಿಯ ಪುನೀತ್ ಬಂದು ತಾಯಿ ಮಗುವನ್ನು ಮಾಯಸಂದ್ರಕ್ಕೆ ಕರೆದೊಯ್ಯುತ್ತಾರೆ. ಐದನೆಯ ತಿಂಗಳವರೆಗೆ ಇರಬೇಕಾದವರು ಈಗಲೇ ಹೊರಡುತ್ತಿದ್ದಾರೆ. ಹೋಗಲಿ, ಮಗು ಉಸಿರಾಡಲಿ, ನಾನೇ ಹೋಗಿ ಎಂದಿದ್ದೇನೆ. ಆದರೆ ನಮ್ಮತ್ತೆಗೆ ವಯಸ್ಸಾಗಿದೆ. ಆ ಕೂಸು ನಮ್ಮ ಮನೆಗೆ ಮತ್ತೆ ಯಾವಾಗ ಬರುತ್ತದೋ, ಆಗ ಜಗುಲಿಯಲ್ಲಿ ಯಾರು ಇರುತ್ತಾರೋ. ಮರಿಮಗಳನ್ನು ತಾನೇ ಓಡಿಸಿದೆ ಎಂದು ನಂಬಿಕೊಂಡು ಅವರು ಉಳಿದ ದಿನ ಕಳೆಯುವುದು ಬೇಡ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಭಾನುವಾರದೊಳಗೆ ತಾವೇ ಬನ್ನಿ. ಯಾರಿಗೂ ಫೋನ್ ಮಾಡಬೇಡಿ, ನಮಗೂ ಮಾಡಬೇಡಿ. ಮಿಷನ್ನನ್ನು ಒಳಗೆ ತರುವ ಮೊದಲು ಜಗುಲಿಯಲ್ಲಿ ನಮ್ಮತ್ತೆಯ ಪಕ್ಕ ಇಟ್ಟು, ತಾವೂ ಕೂತುಕೊಳ್ಳಿ. ಕಾಫಿ ಕೊಡುತ್ತೇನೆ. ಅಂಕಿ ಏರಿ ಪರದೆ ಕೆಂಪಾದಾಗ ಅದನ್ನು ಅವರ ಕಡೆಗೆ ತಿರುಗಿಸಿ. ಇದು ಡೇರಿಯ ಮಿಷನ್ ಅಲ್ಲ, ಇದರಲ್ಲಿ ಏರಿದರೆ ಕೆಟ್ಟದ್ದು ಎಂದು ತಿಳಿಸಿ ಹೇಳಿ. ಇಲ್ಲಿ ಧೂಪವಿಲ್ಲ, ಆದರೂ ಏರಿದೆ ನೋಡಿ ಎನ್ನಿ. ಆಮೇಲೆ ವರದಿ ತಿದ್ದುವುದು, ಗುಂಡಿಗೆ ನಿಯಮ ತರುವುದು ತಮ್ಮ ಕರ್ತವ್ಯ, ಅದನ್ನು ಮಾಡುವವರೆಗೆ ನಾನು ಬಿಡುವುದೂ ಇಲ್ಲ. ಆದರೆ ಮೊದಲು ‘ಅಜ್ಜಿ, ತಪ್ಪು ನಿಮ್ಮದಲ್ಲ, ಒಳಗೆ ಹೋಗಿ ಮಗು ಎತ್ತಿಕೊಳ್ಳಿ’ ಎಂದು ಒಂದು ಮಾತು ತಮ್ಮ ಬಾಯಿಂದ ಬರಲಿ. ನಮ್ಮ ಮಾತನ್ನು ಅವರು ನಂಬುವುದಿಲ್ಲ. ಅವರು ನಂಬುವುದು ತಮ್ಮನ್ನು.

ಇಂತಿ,
ಧೂಪ ಹಾಕದೆಯೂ ಕೆಮ್ಮುತ್ತಿರುವ ಮನೆಯ ಸೊಸೆ,
ಅನಿತಾ